ಮತ್ತೆ ಎಂದರೆ ನಿಲ್ಲು

ಏಪ್ರಿಲ್ ತಿಂಗಳಲ್ಲಿ ಅಹಮದಾಬಾದಿನ ಬೆಳಗು ತಂಪಾಗಿರುವುದು ಏಳು ಗಂಟೆಯವರೆಗೆ ಮಾತ್ರ. ಅಷ್ಟರೊಳಗೆ ನಡಿಗೆ ಮುಗಿಸಬೇಕೆಂದು ವಸ್ತ್ರಾಪುರ ಕೆರೆಯ ಸುತ್ತಲಿನ ಹಾದಿಯಲ್ಲಿ ಜನ ತುಂಬಿರುತ್ತಾರೆ. ಭಕ್ತಕವಿ ನರಸಿಂಹ ಮೆಹ್ತಾ ಸರೋವರ ಎಂದು ಆ ಕೆರೆಗೆ ಹೆಸರಿಟ್ಟು ವರ್ಷಗಳಾಗಿವೆ. ಜನರ ಬಾಯಲ್ಲಿ ಅದು ಇನ್ನೂ ವಸ್ತ್ರಾಪುರ ಕೆರೆಯೇ. ಅಲ್ಲಿ ಒಂದು ಗುರುವಾರ ಬೆಳಿಗ್ಗೆ, ನಡೆಯುವವರನ್ನು ದಾಟಿಕೊಂಡು ಹದಿನೈದು ವರ್ಷದ ಹುಡುಗಿಯೊಬ್ಬಳು ಓಡುತ್ತಿದ್ದಳು. ಮೈಮೇಲೆ ಎರಡು ಟೀ ಶರ್ಟು, ಅದರ ಮೇಲೆ ಮಳೆಗಾಲದ ಪ್ಲಾಸ್ಟಿಕ್ ಜಾಕೆಟ್ಟು, ತಲೆಗೆ ಉಣ್ಣೆ ಟೋಪಿ. ಬಾಯಲ್ಲಿ ಚೂಯಿಂಗ್ ಗಮ್ಮು. ಕೈಯಲ್ಲಿ ಖಾಲಿ ಬಾಟಲಿ. ಅದು ಕುಡಿಯುವುದಕ್ಕಲ್ಲ, ಉಗುಳುವುದಕ್ಕೆ. ಗಮ್ಮು ಜಗಿದರೆ ಜೊಲ್ಲು ಬರುತ್ತದೆ, ಜೊಲ್ಲೂ ತೂಕವೇ.

ಎದುರಿಗೆ ಬಂದ ಅಜ್ಜನೊಬ್ಬ ನಿಂತು, “ಬೇಟಾ, ಠಂಡಿ ಲಾಗೆ ಛೆ?” ಎಂದು ಕೇಳಿದ. ಚಳಿಯಾಗುತ್ತಿದೆಯೇ ಮಗು ಎಂದು. ಹುಡುಗಿ ಉತ್ತರ ಕೊಡಲಿಲ್ಲ. ಬೆಂಚಿನ ಮೇಲೆ ಕುಳಿತಿದ್ದ ಅವಳ ಅಪ್ಪ ಮೊಬೈಲಿನಲ್ಲಿ ಹೊತ್ತು ನೋಡಿ, “ಇನ್ನ ಎರಡ ಸುತ್ತ ಅಷ್ಟ, ಮಗಳ” ಎಂದರು.

ಎರಡು ಸುತ್ತು ಮುಗಿದ ಮೇಲೆ ಅಪ್ಪ ಸ್ಕೂಟರಿನ ಡಿಕ್ಕಿಯಿಂದ ತೂಕದ ಯಂತ್ರವನ್ನು ತಂದು ಕಲ್ಲುಹಾಸಿನ ಮೇಲಿಟ್ಟರು. ಒಂದು ಮೂಲೆ ಅಲುಗಾಡುತ್ತಿದ್ದುದರಿಂದ ಕೆಳಗೆ ಮಡಿಸಿದ ಕಾಗದ ಕೊಟ್ಟರು. ಹುಡುಗಿ ಜಾಕೆಟ್ಟು ತೆಗೆದು ಹತ್ತಿ ನಿಂತಳು. 44.9. ಭಾನುವಾರ ಬೆಳಿಗ್ಗೆ ಅದು 44ರ ಒಳಗೆ ಬರಬೇಕು. 44 ಕೆ.ಜಿ. ಒಳಗಿನವರ ಗುಂಪಿನಲ್ಲಿ ಜೂಡೊ ಆಡಬೇಕಾದ ಹುಡುಗಿ ಅವಳು. ಮೂರು ದಿನ, ಒಂಬೈನೂರು ಗ್ರಾಂ.

ಬಿಸಿಲಿನ ವಿಷಯದಲ್ಲಿ ಈ ಊರಿಗೆ ಪಾಠ ಕಲಿತ ಅನುಭವವಿದೆ. 2010ರ ಮೇ ತಿಂಗಳಲ್ಲಿ ಇಲ್ಲಿ 46.8 ಡಿಗ್ರಿ ಮುಟ್ಟಿ ಜನ ಸತ್ತಿದ್ದರು. ಆಮೇಲೆ 2013ರಲ್ಲಿ ದೇಶಕ್ಕೇ ಮೊದಲನೆಯದಾಗಿ ಅಹಮದಾಬಾದ್ ಮಹಾನಗರ ಪಾಲಿಕೆ ಬಿಸಿಗಾಳಿ ಎದುರಿಸುವ ಯೋಜನೆಯೊಂದನ್ನು ಮಾಡಿಕೊಂಡಿತು. ನೀರು ಕುಡಿಯಿರಿ, ನೆರಳಲ್ಲಿರಿ, ಮಕ್ಕಳನ್ನು ನೋಡಿಕೊಳ್ಳಿ ಎಂದು ಪ್ರತಿ ಬೇಸಿಗೆಯಲ್ಲೂ ಪ್ರಚಾರ ನಡೆಯುತ್ತದೆ. ಹುಡುಗಿಯ ಅಪ್ಪನಿಗೆ ಇದೆಲ್ಲ ಗೊತ್ತಿತ್ತು. ತಮ್ಮ ಬ್ಯಾಂಕಿನ ಶಾಖೆಯ ಬಾಗಿಲಲ್ಲಿ ಗಿರಾಕಿಗಳಿಗೆಂದು ನೀರಿನ ಮಡಕೆ ಇಡಿಸಿದವರು ಅವರೇ.

ಅವರನ್ನು ಕೆಟ್ಟ ತಂದೆ ಎಂದು ತೀರ್ಮಾನಿಸಿಬಿಡುವುದು ಸುಲಭ. ಹಾಗಿದ್ದರೆ ಇದನ್ನು ಬರೆಯುವ ಅಗತ್ಯವೂ ಇರುತ್ತಿರಲಿಲ್ಲ.

*

ಅವರದು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಹುಬ್ಬಳ್ಳಿಯಿಂದ ವರ್ಗವಾಗಿ ಬಂದಾಗ ಮಗಳಿಗೆ ಐದು ವರ್ಷ. ವಸ್ತ್ರಾಪುರದಲ್ಲಿ ಮನೆ ಮಾಡಿದ್ದಕ್ಕೆ ಕಾರಣ ಶಾಲೆ ಹತ್ತಿರ ಎಂಬುದು ಒಂದು, ಐಐಎಂ ಹತ್ತಿರ ಎಂಬುದು ಇನ್ನೊಂದು. ಐಐಎಂ ಹತ್ತಿರವಿದ್ದರೆ ಆಗುವುದೇನು ಎಂದು ಹೆಂಡತಿ ಕೇಳಿದ್ದಕ್ಕೆ, “ದಿನಾ ಆ ಕೆಂಪ ಇಟ್ಟಂಗಿ ಗ್ವಾಡಿ ನೋಡಿದ್ರ ಹುಡುಗಿ ತಲ್ಯಾಗ ಏನರ ಹೊಕ್ಕೀತು” ಎಂದಿದ್ದರಂತೆ. ಲೂಯಿ ಕಾನ್ ಕಟ್ಟಿದ ಆ ಗೋಡೆಗಳು ಎಷ್ಟೋ ಅಪ್ಪಂದಿರ ತಲೆಯಲ್ಲಿ ಹೀಗೆ ಹೊಕ್ಕಿವೆ.

ಊರು ಬಿಟ್ಟು ಬಂದವರಿಗೆ ಮಕ್ಕಳ ವಿಷಯದಲ್ಲಿ ಒಂದು ಬಗೆಯ ಅವಸರವಿರುತ್ತದೆ. ಹೊಲ ಇಲ್ಲ, ಅಂಗಡಿ ಇಲ್ಲ, ಮಾವ ಚಿಕ್ಕಪ್ಪಂದಿರ ಪರಿಚಯದ ಬಲವಿಲ್ಲ. ಮಗು ತನ್ನ ಕೈಯಿಂದಲೇ ಏನಾದರೂ ಗಳಿಸಿಕೊಳ್ಳಬೇಕು, ಅದೂ ಬೇಗ. ಹುಡುಗಿ ಏಳನೆಯ ವಯಸ್ಸಿಗೆ ಸೊಸೈಟಿಯ ಕ್ಲಬ್ ಹೌಸಿನಲ್ಲಿ ಕರಾಟೆಗೆ ಸೇರಿದಳು. ಆಗ ಹೇಳಿದ ಕಾರಣ ಧೈರ್ಯ: ಹೆಣ್ಣುಮಗು, ಪರ ಊರು, ನಾಳೆ ಒಬ್ಬಳೇ ಓಡಾಡಬೇಕು. ಮೂರು ತಿಂಗಳಿಗೊಮ್ಮೆ ಬೆಲ್ಟಿನ ಪರೀಕ್ಷೆ, ಪ್ರತಿ ಬೆಲ್ಟಿಗೂ ಫೀಸು. ಹಳದಿ, ಕಿತ್ತಳೆ, ಹಸಿರು. ಹಸಿರು ಬೆಲ್ಟಿನ ಹೊತ್ತಿಗೆ ಧೈರ್ಯದ ಮಾತು ಹಿಂದೆ ಬಿದ್ದು ಪದಕದ ಮಾತು ಬಂತು. ಈ ಬದಲಾವಣೆ ಎಂದು ಆಯಿತೆಂದು ಆ ಮನೆಯಲ್ಲಿ ಯಾರಿಗೂ ಹೇಳಲಾಗುವುದಿಲ್ಲ.

ಅಪ್ಪನ ಬಳಿ ಒಂದು ನೋಟ್‌ಬುಕ್ಕಿತ್ತು. ಬ್ಯಾಂಕಿನವರ ಅಕ್ಷರ, ಕೆಂಪು ಗೆರೆ, ಎಡಕ್ಕೆ ಜಮೆ, ಬಲಕ್ಕೆ ಖರ್ಚು. ಅದರಲ್ಲಿ ಅವರು ಕರಾಟೆಯ ಲೆಕ್ಕ ಹಾಕಿದ್ದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕರಾಟೆ ಇತ್ತು. ಪ್ಯಾರಿಸ್ಸಿನಲ್ಲಿ ಇರಲಿಲ್ಲ, 2028ರ ಲಾಸ್ ಏಂಜಲೀಸ್ ಪಟ್ಟಿಯಲ್ಲೂ ಇಲ್ಲ. ಅದರ ಮೇಲೆ 2020ರಲ್ಲಿ ಭಾರತದ ಕರಾಟೆ ಸಂಘದ ಮಾನ್ಯತೆಯನ್ನು ವಿಶ್ವ ಕರಾಟೆ ಒಕ್ಕೂಟವೇ ತೆಗೆದುಹಾಕಿತ್ತು. ಜೂಡೊ ಹಾಗಲ್ಲ. 1964ರಲ್ಲೇ ಒಲಿಂಪಿಕ್ಸ್ ಸೇರಿದ್ದು, ಹೆಂಗಸರಿಗೆ 1992ರಿಂದ ಪದಕವಿದೆ. 2022ರ ಬರ್ಮಿಂಗ್‌ಹ್ಯಾಂ ಕಾಮನ್‌ವೆಲ್ತ್‌ನಲ್ಲಿ ಭಾರತಕ್ಕೆ ಮೂರು ಜೂಡೊ ಪದಕ ಬಂದಿತ್ತು. ಹುಡುಗಿ ಹನ್ನೊಂದಕ್ಕೆ ಕಾಲಿಟ್ಟಾಗ ಅಪ್ಪ ಅವಳನ್ನು ಜೂಡೊಗೆ ಬದಲಿಸಿದರು. ಕೇಳಿಯೇ ಬದಲಿಸಿದರು. ಹನ್ನೊಂದು ವರ್ಷದ ಮಕ್ಕಳು ಅಪ್ಪನ ಮುಖ ನೋಡಿ ಹ್ಞೂಂ ಅನ್ನುವ ಹಾಗೆ ಅವಳೂ ಹ್ಞೂಂ ಅಂದಳು.

ಆ ನೋಟ್‌ಬುಕ್ಕಿನ ಮಧ್ಯದ ಹಾಳೆಯಲ್ಲಿ ಪತ್ರಿಕೆಯಿಂದ ಕತ್ತರಿಸಿದ ಒಂದು ಚಿತ್ರ ಅಂಟಿಸಿದೆ: ಲಿಂಥೋಯಿ ಚನಂಬಮ್. 2022ರ ಆಗಸ್ಟಿನಲ್ಲಿ ಸರಯೇವೊದಲ್ಲಿ ವಿಶ್ವ ಕೆಡೆಟ್ ಜೂಡೊದ 57 ಕೆ.ಜಿ. ಚಿನ್ನ ಗೆದ್ದ ಮಣಿಪುರದ ಹುಡುಗಿ. ಯಾವ ವಯಸ್ಸಿನ ವಿಶ್ವ ಜೂಡೊ ಸ್ಪರ್ಧೆಯಲ್ಲೇ ಆಗಲಿ, ಭಾರತಕ್ಕೆ ಅದು ಮೊದಲ ಪದಕ. ಮೀನು ಸಾಕಣೆ ಮಾಡುವ ಮನೆಯ ಆ ಹುಡುಗಿ ತಯಾರಾದದ್ದು ಬಳ್ಳಾರಿ ಜಿಲ್ಲೆಯ ವಿಜಯನಗರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ. “ನಮ್ಮ ಬಳ್ಳಾರಿ ಬಿಸಲಾಗ ತಯಾರಾದಾಕಿ” ಎಂದು ಅಪ್ಪ ಬಂದವರಿಗೆಲ್ಲ ತೋರಿಸುತ್ತಿದ್ದರು. ಆ ಹುಡುಗಿ ಅಷ್ಟು ದೂರದ ಊರಿಗೆ ತರಬೇತಿಗೆ ಬಂದಾಗ ಅವಳ ಅಪ್ಪ ಮಣಿಪುರದಲ್ಲೇ ಉಳಿದಿದ್ದರು, ದಿನಾ ಬೆಳಿಗ್ಗೆ ತೂಕದ ಯಂತ್ರ ಹಿಡಿದು ಜೊತೆಗಿರಲಿಲ್ಲ ಎಂಬುದು ಅವರ ಗಮನಕ್ಕೆ ಬಂದಂತಿಲ್ಲ.

2025ರ ನವೆಂಬರಿನಲ್ಲಿ 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೇ ಸಿಕ್ಕಿತು. ನೋಟ್‌ಬುಕ್ಕಿನಲ್ಲಿ ಒಂದು ಹೊಸ ಸಾಲು ಬಂತು: 2030, ಮಗಳಿಗೆ 19. ಅದರ ಕೆಳಗೆ ಎರಡು ಗೆರೆ. ಅದರಲ್ಲಿ ಜೂಡೊ ಇರುತ್ತದೋ ಇಲ್ಲವೋ ಎಂಬ ಪ್ರಶ್ನೆಗೆ ಬ್ಯಾಂಕಿನವರ ಆ ಲೆಕ್ಕದಲ್ಲಿ ಜಾಗವಿರಲಿಲ್ಲ. ಇನ್ನೊಂದು ಪುಟದಲ್ಲಿ, 2024ರಿಂದ ಐಐಟಿ ಮದ್ರಾಸು ಪ್ರತಿ ಕೋರ್ಸಿನಲ್ಲೂ ಕ್ರೀಡಾಪಟುಗಳಿಗೆಂದು ಎರಡು ಹೆಚ್ಚಿನ ಸೀಟು ಇಟ್ಟಿದೆ, ಅದರಲ್ಲೊಂದು ಹುಡುಗಿಯರಿಗೆ ಎಂಬ ಟಿಪ್ಪಣಿ. ಕೆಂಪು ಇಟ್ಟಿಗೆಯ ಗೋಡೆಯಿಂದ ಜೂಡೊ ಚಾಪೆಯವರೆಗೆ ಅವರ ಆಸೆ ಎಲ್ಲೂ ದಾರಿ ಬದಲಿಸಿರಲಿಲ್ಲ. ಅದು ಒಂದೇ ಆಸೆ, ಬಟ್ಟೆ ಮಾತ್ರ ಬೇರೆ.

*

ಜೂಡೊಗೆ ಸೇರಿದ ಮಗುವಿಗೆ ಮೊದಲು ಕಲಿಸುವುದು ಬೀಳುವುದನ್ನು. ಹಿಂದಕ್ಕೆ, ಮಗ್ಗುಲಿಗೆ, ಮುಂದಕ್ಕೆ ಉರುಳುವುದು; ಬೀಳುವಾಗ ಗದ್ದ ಎದೆಗೆ ಒತ್ತಿ ತಲೆ ಉಳಿಸಿಕೊಳ್ಳುವುದು; ಅಂಗೈ ಮತ್ತು ಮುಂಗೈಯಿಂದ ಚಾಪೆಗೆ ಫಟ್ಟೆಂದು ಬಡಿದು ಪೆಟ್ಟನ್ನು ಹಂಚಿಬಿಡುವುದು. ಇದಕ್ಕೆ ಉಕೆಮಿ ಎನ್ನುತ್ತಾರೆ. 1882ರಲ್ಲಿ ಜಿಗೊರೊ ಕಾನೊ ಟೋಕಿಯೊದಲ್ಲಿ ಶುರು ಮಾಡಿದ ಈ ವಿದ್ಯೆಯ ಅರ್ಧದಷ್ಟು ಮಾತುಗಳು ಇಂದಿಗೂ ಜಪಾನಿಯವು. ಅಹಮದಾಬಾದಿನ ಮಕ್ಕಳೂ ಅವನ್ನೇ ಆಡುತ್ತಾರೆ. ಶುರು ಮಾಡಿ ಎನ್ನುವುದಕ್ಕೆ ಹಾಜಿಮೆ. ಪೂರಾ ಗೆಲುವಿಗೆ ಇಪ್ಪೊನ್.

ನಿಲ್ಲಿಸಿ ಎನ್ನುವುದಕ್ಕೆ ರೆಫರಿ ಕೂಗುವ ಮಾತು ಮತೆ. ಚಾಪೆಯ ಮೇಲಿನ ಗದ್ದಲದಲ್ಲಿ ತಕಾರ ಗಟ್ಟಿಯಾಗಿ ಅದು ಕನ್ನಡದ ಕಿವಿಗೆ ‘ಮತ್ತೆ’ ಎಂದೇ ಬೀಳುತ್ತದೆ. ಜಪಾನಿಯಲ್ಲಿ ತಾಳು, ನಿಲ್ಲು, ಕನ್ನಡದಲ್ಲಿ ಇನ್ನೊಮ್ಮೆ. ಹುಡುಗಿ ಸೇರಿದ ಹೊಸದರಲ್ಲಿ ಇದರಿಂದ ಮನೆಯಲ್ಲಿ ನಗುವೋ ನಗು. ಅವ್ವ ಊಟಕ್ಕೆ ಬಡಿಸುತ್ತ “ಮತ್ತ?” ಎಂದರೆ ಹುಡುಗಿ ತಟ್ಟೆಯ ಮೇಲೆ ಕೈ ಆಡಿಸುವುದನ್ನು ನಿಲ್ಲಿಸಿ ನೆಟ್ಟಗೆ ಕೂರುತ್ತಿದ್ದಳು.

ಇನ್ನೊಂದು ಸಂಜ್ಞೆಯಿದೆ. ಎದುರಾಳಿ ಕುತ್ತಿಗೆ ಬಿಗಿದಾಗ, ಮೊಣಕೈ ಮಡಚದ ಹಾಗೆ ಎಳೆದಾಗ, ಸಿಕ್ಕಿಬಿದ್ದವರು ಚಾಪೆಯನ್ನೋ ಎದುರಾಳಿಯ ಮೈಯನ್ನೋ ಎರಡು ಬಾರಿ ತಟ್ಟಬೇಕು. ಕೈ ಬಿಡುವು ಇಲ್ಲದಿದ್ದರೆ ಕಾಲಿನಿಂದ ತಟ್ಟಬಹುದು. ಅದೂ ಆಗದಿದ್ದರೆ ಬಾಯಲ್ಲಿ ‘ಮೈತ್ತ’ ಅನ್ನಬಹುದು, ಸೋತೆ ಎಂದು. ತಟ್ಟಿದ ಕ್ಷಣ ಎದುರಾಳಿ ಬಿಡಲೇಬೇಕು. ಎಷ್ಟೇ ದೊಡ್ಡ ಪಂದ್ಯವಿರಲಿ, ಎಷ್ಟೇ ಹಠವಿರಲಿ, ಆ ಎರಡು ತಟ್ಟಿಗೆ ಎದುರು ಮಾತಿಲ್ಲ. ಹಗ್ಗ ಜಗ್ಗಿದ ಹಾಗೆ ಎಳೆಯುತ್ತಿದ್ದವಳು ಥಟ್ಟನೆ ಕೈ ಸಡಿಲಿಸಿ, ಎದ್ದು, ಬಗ್ಗಿ ನಮಸ್ಕರಿಸುತ್ತಾಳೆ. ನನಗೆ ಸಾಕು ಎಂದು ಹೇಳಿದರೆ ಇಷ್ಟು ಬೇಗ ಕೇಳಿಸಿಕೊಳ್ಳುವ ಇನ್ನೊಂದು ಜಾಗ ಈ ವಯಸ್ಸಿನ ಮಕ್ಕಳಿಗೆ ಎಲ್ಲಿದೆಯೋ.

*

ಭಾನುವಾರ ತೂಕ 43.9. ಶನಿವಾರ ಮಧ್ಯಾಹ್ನದ ಮೇಲೆ ಹುಡುಗಿ ನೀರು ಕುಡಿದಿರಲಿಲ್ಲ. ಅವ್ವ ರಾತ್ರಿ ಒಂದು ಜೋಳದ ರೊಟ್ಟಿಯನ್ನು ನಾಲ್ಕು ಭಾಗ ಮಾಡಿ ಒಂದು ಭಾಗ ಕೊಟ್ಟಿದ್ದಳು. ಉಳಿದ ಮೂರನ್ನು ಯಾರೂ ತಿನ್ನಲಿಲ್ಲ. ತೂಕ ಮುಗಿದದ್ದೇ ಗ್ಲುಕೋಸು, ಬಾಳೆಹಣ್ಣು, ಡಬ್ಬಿಯಲ್ಲಿ ತಂದ ಇಡ್ಲಿ. ಎರಡು ತಾಸಿನ ನಂತರ ಮೊದಲ ಪಂದ್ಯ. ಖಾಲಿ ಹೊಟ್ಟೆಗೆ ಒಮ್ಮೆಲೇ ಬಿದ್ದ ಇಡ್ಲಿ ಮೇಲೆ ಬರುತ್ತಿದ್ದರೂ ಹುಡುಗಿ ಗೆದ್ದಳು.

2024ರ ಆಗಸ್ಟಿನಲ್ಲಿ ಪ್ಯಾರಿಸ್ಸಿನಲ್ಲಿ ವಿನೇಶ್ ಫೋಗಟ್ ನೂರು ಗ್ರಾಂ ಹೆಚ್ಚಾಗಿ ಫೈನಲ್ ಕಳೆದುಕೊಂಡಾಗ ಇಡೀ ದೇಶ ಮರುಗಿತು. ಆ ನೂರು ಗ್ರಾಮಿನ ಮಾತು ಎಲ್ಲರೂ ಆಡಿದರು. ಅದಕ್ಕಾಗಿ ಆ ಹೆಣ್ಣುಮಗಳು ರಾತ್ರಿಯಿಡೀ ಓಡಿ, ಬೆವರಿ, ಕೂದಲು ಕತ್ತರಿಸಿಕೊಂಡದ್ದು ದೊಡ್ಡ ಛಲವೆಂದು ಮಾತಾಯಿತು. ಎಷ್ಟೋ ಮನೆಗಳಲ್ಲಿ ಅದರಿಂದ ಕಲಿತ ಪಾಠ ಒಂದೇ: ಇನ್ನೊಂದು ದಿನ ಮೊದಲೇ ಓಡಿಸಬೇಕಿತ್ತು. 1997ರ ಕೊನೆಯ ಎರಡು ತಿಂಗಳಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿ ಹುಡುಗರು ಹೀಗೆಯೇ ಬೆವರಿಳಿಸಿ ತೂಕ ಇಳಿಸಲು ಹೋಗಿ ಸತ್ತರು. ಅಲ್ಲಿನ ಕಾಲೇಜು ಕ್ರೀಡೆಗಳಲ್ಲಿ ಬೆವರಿನ ಜಾಕೆಟ್ಟಿಗೂ ಉಗಿಕೋಣೆಗೂ ನಿಷೇಧ ಬಂದದ್ದು ಆಮೇಲೆ. ವಸ್ತ್ರಾಪುರದ ಕೆರೆಯ ಹಾದಿಯಲ್ಲಿ ಅಂಥ ನಿಷೇಧವೇನೂ ಇಲ್ಲ.

ಎರಡನೆಯ ಪಂದ್ಯದ ಹೊತ್ತಿಗೆ ಊರಿನಿಂದ ಬಂದಿದ್ದ ಅಜ್ಜ ಗ್ಯಾಲರಿಯಲ್ಲಿ ಮಗನ ಪಕ್ಕ ಕುಳಿತಿದ್ದರು. ಎಪ್ಪತ್ತೆರಡು ವರ್ಷ, ಬಿಳಿ ಧೋತರ, ಟೋಪಿ. ಗರಡಿಮನೆಯಲ್ಲಿ ಬೆಳೆದ ಜೀವ. ಮೊಮ್ಮಗಳು ಹೆಣ್ಣಾಗಿ ಕುಸ್ತಿಯಂಥದ್ದನ್ನು ಆಡುವುದು ಅವರಿಗೆ ವಿಚಿತ್ರವಾಗಿಯೂ ಖುಷಿಯಾಗಿಯೂ ಇತ್ತು. ಸ್ವಲ್ಪ ಹೊತ್ತು ನೋಡಿ ಮಗನನ್ನು ಕೇಳಿದರು: “ಅಲ್ಲೋ, ಆ ಪಂಚ ಮತ್ತ ಮತ್ತ ಅಂತ ಒದರ್ತಾನ, ಇವ್ರ್ಯಾಕ ಬಿಟ್ಟ ಬಿಡ್ತಾರ?” ಮಗ ಕೇಳಿಸಿಕೊಳ್ಳಲಿಲ್ಲ. ಅವರು ಎದ್ದು ನಿಂತಾಗಿತ್ತು.

ಜೂಡೊದಲ್ಲಿ ತರಬೇತುದಾರರಿಗೂ ಒಂದು ಕಟ್ಟುಪಾಡಿದೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಕುರ್ಚಿಯಲ್ಲಿ ಕೂತ ಕೋಚು ಮಾತಾಡಬಹುದಾದದ್ದು ಆಟ ನಿಂತಾಗ ಮಾತ್ರ. ಮತೆ ಎಂದ ಮೇಲೆ, ಹಾಜಿಮೆ ಎನ್ನುವ ಮೊದಲು. ಗ್ಯಾಲರಿಯಲ್ಲಿ ಕೂತ ಅಪ್ಪ ಅಮ್ಮಂದಿರಿಗೆ ಇಂಥ ನಿಯಮವನ್ನು ಯಾರು ಮಾಡಿಯಾರು. ಆ ದಿನ ಗ್ಯಾಲರಿಯಲ್ಲಿ ಗುಜರಾತಿ, ಹಿಂದಿ, ಮಲಯಾಳಂ ಎಲ್ಲದರಲ್ಲೂ ಕೂಗು ಕೇಳುತ್ತಿತ್ತು. ಕನ್ನಡ ಒಂದೇ ಗಂಟಲಿನದು.

ಆಟ ಮುಗಿಯಲು ಹತ್ತು ಸೆಕೆಂಡಿನಷ್ಟು ಉಳಿದಿತ್ತು. ಹುಡುಗಿ ಒಂದು ವಾಜಾ-ಆರಿ ಮುಂದಿದ್ದಳು. ನೆಲದ ಮೇಲಿನ ಸೆಣಸಾಟದಲ್ಲಿ ಎದುರಾಳಿ ಅವಳ ಎಡಗೈಯನ್ನು ತನ್ನ ಎರಡೂ ತೊಡೆಗಳ ನಡುವೆ ಸಿಕ್ಕಿಸಿ ಹಿಂದಕ್ಕೆ ಒರಗಿದಳು. ಜೂಜಿ ಗತಾಮೆ. ಮೊಣಕೈ ಉಲ್ಟಾ ಬಾಗುವ ಪಟ್ಟು. ಹುಡುಗಿಯ ಬಲಗೈ ಬಿಡುವಾಗಿತ್ತು. ಅದು ಚಾಪೆಯಿಂದ ಒಂದು ಗೇಣು ಮೇಲೆ ನಿಂತಿದ್ದನ್ನು ಅಜ್ಜ ನೋಡಿದರು. ಅದೇ ಹೊತ್ತಿಗೆ ಪಕ್ಕದಿಂದ ಕೂಗು ಎದ್ದಿತು: “ಬಿಡಬ್ಯಾಡ ಮಗಳ! ಎಂಟ ಸೆಕೆಂಡ್ ಐತಿ! ತಡ್ಕೋ!”

ಬಲಗೈ ಅಲ್ಲೇ ನಿಂತಿತು. ಅದು ತಟ್ಟಲಿಲ್ಲ. ರೆಫರಿಯೇ ಬಾಗಿ ಮುಖ ನೋಡಿ ಇಪ್ಪೊನ್ ಕೂಗಿ ಬಿಡಿಸಿದರು. ಅಷ್ಟರಲ್ಲಿ ಮೊಣಕೈಯೊಳಗೆ ಏನೋ ಹರಿದ ಸಪ್ಪಳ ಎದುರಾಳಿಗೆ ಕೇಳಿಸಿತ್ತು. ಆ ಹುಡುಗಿಯೂ ಅಳಲು ಶುರು ಮಾಡಿದಳು.

*

ಮೂಳೆ ಮುರಿದಿರಲಿಲ್ಲ, ಒಳಮಗ್ಗುಲಿನ ಕಟ್ಟು ಹರಿದಿತ್ತು. ಮೂರು ವಾರ ಪಟ್ಟಿ, ಆಮೇಲೆ ವ್ಯಾಯಾಮ. ಆಸ್ಪತ್ರೆಯ ಹೆಣ್ಣು ಡಾಕ್ಟರು ತೂಕ ಕೇಳಿದರು, ಊಟ ಕೇಳಿದರು, ಆಮೇಲೆ ಅಪ್ಪನನ್ನು ಹೊರಗೆ ಕಳಿಸಿ ಅವ್ವನನ್ನು ಇನ್ನೊಂದು ಮಾತು ಕೇಳಿದರು. ಹುಡುಗಿ ನಾಲ್ಕು ತಿಂಗಳಿಂದ ಮುಟ್ಟಾಗಿರಲಿಲ್ಲ. ಅವ್ವನಿಗೆ ಗೊತ್ತಿತ್ತು. ಪರೀಕ್ಷೆಯ ಚಿಂತೆಗೆ ಹಾಗಾಗಿರಬೇಕು ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ದುಡಿಯುವಷ್ಟು ಉಣ್ಣದ ಮೈ ಮೊದಲು ಮುಟ್ಟನ್ನು ನಿಲ್ಲಿಸುತ್ತದೆ, ಆಮೇಲೆ ಮೂಳೆಯನ್ನು ಸಡಿಲಿಸುತ್ತದೆ ಎಂದು ಡಾಕ್ಟರು ಹೇಳಿದರು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಇದಕ್ಕೆ ಹೆಸರಿಟ್ಟು ಎಚ್ಚರಿಸಿದೆ. ಮನೆಗಳಲ್ಲಿ ಇನ್ನೂ ಅದಕ್ಕೆ ಟೆನ್ಷನ್ ಎಂದೇ ಹೆಸರು.

ಮನೆಗೆ ಬಂದ ಮೇಲೆ ಅವ್ವ ಗಂಡನ ಜೊತೆ ಜಗಳವಾಡಲಿಲ್ಲ. ತೂಕದ ಯಂತ್ರವನ್ನು ಒಯ್ದು ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿಯ ಕೆಳಗಿಟ್ಟಳು. ಅದು ಇವತ್ತಿಗೂ ಅಲ್ಲೇ ಇದೆ.

ಈ ಆಟದ ತವರಿನಲ್ಲೂ ಇದೇ ಕಥೆ ನಡೆದಿದೆ. 2022ರ ಮಾರ್ಚಿನಲ್ಲಿ ಅಖಿಲ ಜಪಾನ್ ಜೂಡೊ ಒಕ್ಕೂಟ ಪ್ರಾಥಮಿಕ ಶಾಲೆಯ ಮಕ್ಕಳ ರಾಷ್ಟ್ರೀಯ ವೈಯಕ್ತಿಕ ಚಾಂಪಿಯನ್‌ಶಿಪ್ಪನ್ನೇ ರದ್ದು ಮಾಡಿತು. ಒಕ್ಕೂಟದ ಅಧ್ಯಕ್ಷರಾಗಿದ್ದವರು 1984ರ ಒಲಿಂಪಿಕ್ ಚಿನ್ನದ ಯಾಸುಹಿರೊ ಯಾಮಶಿತಾ. ಐದು, ಆರನೇ ತರಗತಿಯ ಮಕ್ಕಳ ತೂಕ ಇಳಿಸುವುದು, ರೆಫರಿಗಳ ಮೇಲೆ ಅಪ್ಪ ಅಮ್ಮಂದಿರೂ ಕೋಚುಗಳೂ ಕೂಗಾಡುವುದು, ಗೆಲುವೊಂದೇ ಗುರಿಯಾದದ್ದು ಅದಕ್ಕೆ ಕಾರಣ. ಆ ದೇಶಕ್ಕೆ ಇದರಲ್ಲಿ ಇನ್ನೂ ಹಳೆಯ ಗಾಯವಿದೆ. 1980ರ ದಶಕದಿಂದ ಮುಂದಿನ ಮೂವತ್ತು ವರ್ಷಗಳಲ್ಲಿ ಶಾಲೆಯ ಜೂಡೊದಲ್ಲಿ ನೂರಕ್ಕೂ ಹೆಚ್ಚು ಮಕ್ಕಳು ಸತ್ತಿದ್ದರು. ಹಾಗೆ ಮಕ್ಕಳನ್ನು ಕಳೆದುಕೊಂಡವರೂ, ಗಾಯಗೊಂಡ ಮಕ್ಕಳ ಮನೆಯವರೂ ಸೇರಿ 2010ರಲ್ಲಿ ಸಂಘ ಕಟ್ಟಿ ಆ ಲೆಕ್ಕವನ್ನು ದೇಶದ ಮುಂದಿಟ್ಟರು. ಇನ್ನೂ ಬೆಳೆಯುವ ಮಕ್ಕಳಿಗೆ ರಾಷ್ಟ್ರಮಟ್ಟದ ಪಟ್ಟ ಯಾಕೆ ಬೇಕು ಎಂಬ ಪ್ರಶ್ನೆಯನ್ನು ಜೂಡೊ ಹುಟ್ಟಿದ ದೇಶವೇ ಕೇಳಿಕೊಂಡಿತು. ನಮ್ಮಲ್ಲಿ ಆ ಪ್ರಶ್ನೆ ಕೇಳಿದರೆ ದೇಶದ್ರೋಹದ ಮಾತೆಂಬಂತೆ ನೋಡುತ್ತಾರೆ. ಗುಜರಾತಿನ ಖೇಲ್ ಮಹಾಕುಂಭ 2010ರಲ್ಲಿ ಶುರುವಾದ ಮೇಲೆ ಹಳ್ಳಿ ಹಳ್ಳಿಯ ಮಕ್ಕಳು ಮೈದಾನಕ್ಕೆ ಬಂದರು, ಅದು ದೊಡ್ಡ ಸಂಗತಿಯೇ. ಅವರ ಹಿಂದೆಯೇ ಅಪ್ಪ ಅಮ್ಮಂದಿರೂ ಬಂದರು, ಅವರಿಗೆ ಆಟ ಹೇಳಿಕೊಡುವವರು ಯಾರೂ ಇರಲಿಲ್ಲ.

*

ಮೇ ತಿಂಗಳಲ್ಲಿ ಅಜ್ಜ ಊರಿಗೆ ಹೊರಡುವ ಮೊದಲು ಮೊಢೇರಾ ನೋಡಬೇಕೆಂದರು. ಅಹಮದಾಬಾದಿನಿಂದ ಉತ್ತರಕ್ಕೆ ಸುಮಾರು ನೂರು ಕಿಲೋಮೀಟರು. ಹನ್ನೊಂದನೆಯ ಶತಮಾನದ ಸೂರ್ಯ ದೇವಾಲಯವಿರುವ ಊರು. ಕೈ ಕಟ್ಟಿಕೊಂಡ ಮೊಮ್ಮಗಳನ್ನೂ ಕರೆದುಕೊಂಡು ಹೋದರು. ಅಪ್ಪನಿಗೆ ಬ್ಯಾಂಕಿತ್ತು.

ಮೊಢೇರಾಕ್ಕೆ ಇನ್ನೊಂದು ಖ್ಯಾತಿಯಿದೆ. ಜ್ಯೇಷ್ಠಿಮಲ್ಲರೆಂಬ ಕುಸ್ತಿಯ ಕುಲದವರ ಮೂಲ ಅದು. ಅವರ ಮಲ್ಲಪುರಾಣವನ್ನು 1964ರಲ್ಲಿ ಬಡೋದೆಯ ಓರಿಯೆಂಟಲ್ ಇನ್‌ಸ್ಟಿಟ್ಯೂಟ್ ಅಚ್ಚು ಹಾಕಿತು. ಮೈಸೂರಿನ ಜಟ್ಟಿಗಳಿಗೂ ಇವರಿಗೂ ನಂಟಿದೆ ಎಂದು ಬಲ್ಲವರು ಹೇಳುತ್ತಾರೆ. ಇಲ್ಲಿಯವರ ದೇವಿ ಲಿಂಬಜಾ, ಅಲ್ಲಿಯವರದು ನಿಂಬುಜಾಂಬ. ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯ ದಿನ ಜಟ್ಟಿಗಳು ಆಡುವ ವಜ್ರಮುಷ್ಟಿ ಕಾಳಗವನ್ನು ಕನ್ನಡದವರೆಲ್ಲ ಕೇಳಿ ಬಲ್ಲರು. ತಲೆ ಬೋಳಿಸಿ, ಮುಷ್ಟಿಗೆ ಮೊನೆಯಿರುವ ಆಯುಧ ತೊಟ್ಟು ನಿಲ್ಲುತ್ತಾರೆ. ನೋಡಿದರೆ ಭಯವಾಗುತ್ತದೆ. ಆದರೆ ಯಾರದೇ ತಲೆಯಲ್ಲಿ ಮೊದಲ ಹನಿ ರಕ್ತ ಕಂಡ ಕೂಡಲೇ ಕಾಳಗ ನಿಲ್ಲಬೇಕು, ಆಗಲೇ ಇಬ್ಬರನ್ನೂ ಬಿಡಿಸಬೇಕು. ಅಷ್ಟು ಕ್ರೂರವೆನಿಸುವ ಆಟದಲ್ಲೂ ಎಲ್ಲಿ ನಿಲ್ಲಬೇಕು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಅಜ್ಜನ ಕಾಲದ ಜಾತ್ರೆಯ ಕುಸ್ತಿಯಲ್ಲೂ ಹಾಗೆಯೇ ಇತ್ತು. ಹಿರಿಯರು ಮೈಕಟ್ಟು, ವಯಸ್ಸು ನೋಡಿ ಜೋಡಿ ಕಟ್ಟುತ್ತಿದ್ದರು. ಮೈಸೂರು ದಸರಾದಲ್ಲಿ ಇಂದಿಗೂ ಜೋಡಿ ಕಟ್ಟುವುದೇ ಒಂದು ಕಾರ್ಯಕ್ರಮ. ಬಹಳ ಹೊತ್ತು ಯಾರೂ ಚಿತ್ ಆಗದಿದ್ದರೆ ಸಮ ಎಂದು ಸಾರಿ ಇಬ್ಬರ ಕೈಯನ್ನೂ ಎತ್ತುತ್ತಿದ್ದರು.

ಸೂರ್ಯಕುಂಡದ ಮೆಟ್ಟಿಲ ಮೇಲೆ ಕುಳಿತು ಅಜ್ಜ ಮೊಮ್ಮಗಳನ್ನು ಕೇಳಿದರು: “ಯವ್ವಾ, ಆವತ್ತ ನಿನ್ನ ಬಲಗೈ ಬಿಡವಿತ್ತು. ಯಾಕ ಬಡೀಲಿಲ್ಲ?”

“ಅಪ್ಪ ನೋಡಾಕತ್ತಿದ್ದ” ಎಂದಳು.

ಅಜ್ಜ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ನಲವತ್ತು ವರ್ಷದ ಹಿಂದಿನ ಮಾತೊಂದನ್ನು ಹೇಳಿದರು. ಅವಳ ಅಪ್ಪನೂ ಗರಡಿಗೆ ಹೋಗುತ್ತಿದ್ದ. ಹದಿಮೂರರ ಹುಡುಗ ಜಾತ್ರೆಯಲ್ಲಿ ಒಂದು ಬೆಳ್ಳಿ ಕಡಗ ಗೆದ್ದು ತಂದಿದ್ದ. ಎಸ್ಸೆಸ್ಸೆಲ್ಸಿಯ ವರ್ಷ ಅಜ್ಜನೇ ಗರಡಿ ಬಿಡಿಸಿದರು. ಮಣ್ಣಿನಲ್ಲಿ ಹೊರಳಿದರೆ ನೌಕರಿ ಸಿಗುವುದಿಲ್ಲ ಎಂದು ಲಂಗೋಟಿಯನ್ನು ಒಲೆಗೆ ಹಾಕಿದರು. ಕಡಗ ಮಾರಿ ಗಣಿತದ ಟ್ಯೂಷನ್ನಿಗೆ ಕೊಟ್ಟರು. ಹುಡುಗ ಒಂದು ಮಾತೂ ಆಡದೆ ಓದಿದ. “ಅಂವಾ ಅವತ್ತ ಬ್ಯಾಡ ಅಂತ ಒಂದ ಮಾತ ಅಂದಿದ್ರ…” ಎಂದು ಅಜ್ಜ ಅರ್ಧಕ್ಕೆ ನಿಲ್ಲಿಸಿ, “ನಾ ಕೇಳ್ತಿದ್ದಿಲ್ಲ ಬಿಡು” ಎಂದರು.

ಮೊಮ್ಮಗಳಿಗೆ ಈ ಕಡಗದ ಸುದ್ದಿ ಗೊತ್ತೇ ಇರಲಿಲ್ಲ. ಅಪ್ಪ ಆ ಮಾತನ್ನು ಮನೆಯಲ್ಲಿ ಎಂದೂ ಎತ್ತಿದವರಲ್ಲ. ನೋಟ್‌ಬುಕ್ಕಿನ ಜಮೆಯ ಪಟ್ಟಿಯಲ್ಲೂ ಅದಿಲ್ಲ.

*

ಜೂನಿನಲ್ಲಿ ಪಟ್ಟಿ ಬಿಚ್ಚಿದ ಮೇಲೆ ಒಂದು ರಾತ್ರಿ ಹುಡುಗಿ ತಾನಾಗಿಯೇ ಅಪ್ಪನ ಎದುರು ಬಂದು ಕುಳಿತಳು. ಅಪ್ಪ ಅಷ್ಟೊತ್ತಿಗೆ ತಪ್ಪಿತಸ್ಥರ ಹಾಗೆ ಮೆತ್ತಗಾಗಿದ್ದರು. ಹತ್ತನೆಯ ತರಗತಿ ಬಂತು, ಜೂಡೊ ಬಿಡಿಸಿಬಿಡೋಣ, ಇನ್ನು ಓದು ಸಾಕು ಎಂದು ಹೆಂಡತಿಗೆ ಹೇಳಿಯೂ ಇದ್ದರು. ನಲವತ್ತು ವರ್ಷದ ಹಿಂದೆ ತಮ್ಮ ಅಪ್ಪ ಮಾಡಿದ್ದನ್ನೇ ತಾವೂ ಮಾಡಹೊರಟಿದ್ದೇವೆಂದು ಅವರಿಗೆ ಹೊಳೆದಿತ್ತೋ ಇಲ್ಲವೋ.

“ಅಪ್ಪಾ, ನಾ ಜೂಡೊ ಬಿಡೂದಿಲ್ಲ” ಎಂದಳು ಹುಡುಗಿ. “ನಲವತ್ನಾಲ್ಕ ಬಿಡ್ತೇನಿ. ನಲವತ್ತೆಂಟರಾಗ ಆಡ್ತೇನಿ.”

“ನಲವತ್ತೆಂಟರಾಗ ಎಲ್ಲಾರೂ ನಿನಗಿಂತ ದೊಡ್ಡಾವ್ರ ಇರ್ತಾರ. ಸೋಲ್ತಿ.”

“ಸೋಲ್ತೇನಿ.”

ಅಪ್ಪನಿಗೆ ಇದಕ್ಕೆ ಉತ್ತರ ಹೊಳೆಯಲಿಲ್ಲ. ಅವರ ಲೆಕ್ಕದಲ್ಲಿ ಸೋಲೆಂಬುದು ಯಾರೋ ತಂದು ಹೇರುವಂಥದ್ದು. ಮಗಳು ಅದನ್ನು ತಾನಾಗಿ ಆರಿಸಿಕೊಂಡದ್ದನ್ನು ಎಡಕ್ಕೆ ಬರೆಯಬೇಕೋ ಬಲಕ್ಕೋ ಗೊತ್ತಾಗಲಿಲ್ಲ. ಆಮೇಲೆ ಹುಡುಗಿ ಇನ್ನೊಂದು ಮಾತು ಹೇಳಿದಳು. ಪಂದ್ಯಕ್ಕೆ ಬಾ, ಆದರೆ ಕೂಗಬೇಡ. ಮತ್ತೆ ಮನೆಯಲ್ಲಿ ನಾನು ಎರಡು ಸಲ ತಟ್ಟಿದರೆ ಆ ಮಾತು ಅಲ್ಲಿಗೆ ನಿಲ್ಲಬೇಕು. ಯಾಕೆ ಏನು ಎಂದು ಆಗ ಕೇಳಬಾರದು, ನಾಳೆ ಕೇಳಬಹುದು.

ಆಯಿತೆಂದರು ಅಪ್ಪ. ವಾರ ಕಳೆದಿರಲಿಲ್ಲ, ಊಟಕ್ಕೆ ಕೂತಾಗ ಪಕ್ಕದ ಸೊಸೈಟಿಯ ಹುಡುಗಿಯೊಬ್ಬಳು ರಾಜ್ಯಮಟ್ಟಕ್ಕೆ ಹೋದ ಸುದ್ದಿ ತೆಗೆದರು. ಹೋಗಲಿ, ಒಳ್ಳೆಯದೇ. ನಿನಗಿಂತ ಎರಡು ವರ್ಷ ತಡವಾಗಿ ಸೇರಿದವಳು. ನೀನೂ ಆ ಗುಂಪಿನಲ್ಲೇ ಇದ್ದಿದ್ದರೆ ಎಂದು ಶುರುವಾಯಿತು. ಹುಡುಗಿ ಮೇಜನ್ನು ಎರಡು ಬಾರಿ ತಟ್ಟಿದಳು.

ಅಪ್ಪ ಮಾತಿನ ನಡುವೆಯೇ ರೊಟ್ಟಿಯ ಬುಟ್ಟಿಯನ್ನು ಅವಳ ಕಡೆ ಸರಿಸಿದರು. ರೊಟ್ಟಿ ಕೇಳುತ್ತಿದ್ದಾಳೆ ಎಂದುಕೊಂಡಿದ್ದರು. ಅವ್ವನಿಗೆ ತಡೆಯಲಾರದ ನಗು ಬಂತು. ಹುಡುಗಿ ನಗಲಿಲ್ಲ. ಕೈಯನ್ನು ಮೇಜಿನ ಮೇಲೆಯೇ ಇಟ್ಟುಕೊಂಡು ಅಪ್ಪನನ್ನು ನೋಡುತ್ತ ಕುಳಿತಳು. ಅಪ್ಪ ಒಮ್ಮೆ ಬುಟ್ಟಿಯನ್ನು, ಒಮ್ಮೆ ಆ ಕೈಯನ್ನು ನೋಡಿದರು. ಬಾಯಲ್ಲಿದ್ದ ಮಾತನ್ನು ತುತ್ತಿನ ಜೊತೆ ನುಂಗಿ, “ಪಲ್ಯಾ ಉಪ್ಪ ಕಡಿಮಿ ಆಗೇತಿ” ಎಂದರು.

ಆಗಿರಲಿಲ್ಲ. ಆದರೂ ಅವ್ವ ಎದ್ದು ಉಪ್ಪು ತಂದಳು. ಹುಡುಗಿ ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು ಹಾಕಿಕೊಂಡಳು, ಇಡಿಯಾಗಿ.